ಬಾದಾಮಿ ಕುಡಿದ ಎರಡು ಬಾಟಲಿ

ಗಂಗಾಲಕ್ಷ್ಮಿ ತನ್ನ ಸತ್ತ ಅಕ್ಕ ಕದಿರಮ್ಮನ ಕಾಲ ಹೆಬ್ಬೆರಳುಗಳನ್ನು ಕೂಡಿಸಿ ದಾರ ಬಿಗಿಯುತ್ತಿದ್ದಾಗ ಹೊರಗೆ ಕಾರು ನಿಂತಿತು. ರೆಸಾರ್ಟಿನ ಒಡತಿ ಶಾಮಲಮ್ಮ ಒಳಬಂದು ಹೆಣಕ್ಕೆ ಹಾರ ಹಾಕಿದಳು, ಕಣ್ಣೊರೆಸಿಕೊಂಡಳು. ಕಣ್ಣು ಮಾತ್ರ ಗೂಡಿನಲ್ಲಿದ್ದ ಗಾಜಿನ ಜಾಡಿಯ ಮೇಲೆ.

"ಗಂಗಾ, ಅದನ್ನ ನಂಗೆ ಕೊಟ್ಬಿಡೇ. ಶನಿವಾರ ದೊಡ್ಡ ಪಾರ್ಟಿ. ಎರಡು ವರ್ಷದಿಂದ ಯಾರ ಕೈಲಿ ಮಾಡ್ಸಿದ್ರೂ ಕದಿರಮ್ಮನ ರುಚಿ ಬರ್ತಿಲ್ಲ ಕಣೇ."

"ಮೊದ್ಲು ಮಣ್ಣಾಗ್ಲಿ ಮೇಡಂ."

ಎರಡು ವರ್ಷ ಕಾದವಳಿಗೆ ಇನ್ನೊಂದು ಗಳಿಗೆ ಹೆಚ್ಚೇ?

*

ಲಕ್ಕೂರಿನಾಚೆಯ ಆ ರೆಸಾರ್ಟಿನ ಅಡುಗೆಮನೆಯಲ್ಲಿ ಆಗ ಅಕ್ಕತಂಗಿ ಇಬ್ಬರೂ ಕೆಲಸಕ್ಕಿದ್ದರು. ಕದಿರಮ್ಮ ಬಾದಾಮಿ ಹುರಿದು, ತರಿತರಿಯಾಗಿ ಕುಟ್ಟಿ, ವೋಡ್ಕಾದಲ್ಲಿ ನೆನೆಹಾಕುವಳು. ನಲವತ್ತು ದಿನ ಕತ್ತಲಲ್ಲಿಟ್ಟು, ಸೋಸಿ, ಬೆಲ್ಲದ ಪಾಕ ಕೂಡಿಸಿ, ಮನೆಯಿಂದ ತಂದ ತನ್ನ ಹಳೇ ಜಾಡಿಯದೊಂದು ಸೌಟು ಹೆಪ್ಪಿನ ಹಾಗೆ ಬೆರೆಸುವಳು. ನಿಂಬೆರಸ, ಐಸು ಸೇರಿಸಿದರೆ ಅದೇ ಕಾಕ್‌ಟೇಲು. ಬಿಸಿ ಕೇಕಿಗೆ ಸವರಿದರೆ ಬಂದವರು ಕಟ್ಟಿಸಿಕೊಂಡು ಹೋಗುವರು. ಅವಳು ಮಾತ್ರ ತೊಟ್ಟನ್ನೂ ಬಾಯಿಗಿಟ್ಟವಳಲ್ಲ. ಮೂಗೇ ಅವಳ ನಾಲಗೆ.

ಒಂದು ಸಲ ಶಾಮಲಮ್ಮ ಪಕ್ಕದಲ್ಲೇ ನಿಂತು ಸೋಸಿಸಿದಳು. ಹಾಕಿದ್ದು ಹತ್ತು ಬಾಟಲಿ, ಬಂದದ್ದು ಎಂಟು.

"ಬಾದಾಮಿ ಕುಡಿಯುತ್ತೆ ಮೇಡಂ."

"ಬಾದಾಮಿಗೆ ಬಾಯಿದೆಯೇನೇ, ಕುಡುಕೀ?"

ಎಲ್ಲರೆದುರು ವಾಚ್‌ಮನ್ ಕೈಲಿ ಅವಳ ಬಾಯಿ ಮೂಸಿಸಿ ಹೊರಗೆ ಕಳಿಸಿದಳು. ಜಾಡಿ ಎತ್ತಿಕೊಂಡು ಕದಿರಮ್ಮ ಮನೆಗೆ ಬರುವ ಮೊದಲೇ ಕುಡುಕಿ ಎಂಬ ಹೆಸರು ಊರು ಮುಟ್ಟಿತ್ತು. ಆಮೇಲೆ ಯಾವ ಮದುವೆಮನೆಯವರೂ ಅವಳ ಕೈಗೆ ಸೌಟು ಕೊಡಲಿಲ್ಲ.

*

ಗುಂಡಿ ತೋಡಿದ ಗಂಗುಲಪ್ಪ ಗುದ್ದಲಿ ಊರಿ ಕೇಳಿದ: "ಸತ್ತೋಳಿಗೆ ಇಷ್ಟವಾದದ್ದೇನಾದ್ರೂ ಇದ್ರೆ ತನ್ರಮ್ಮಾ. ಎಲೆಅಡಿಕೆ ಹಾಕಿದ್ದಾಯ್ತು."

ಗಂಗಾಲಕ್ಷ್ಮಿ ಸೆರಗಿನೊಳಗಿಂದ ಜಾಡಿ ತೆಗೆದು ಮುಚ್ಚಳ ತಿರುಗಿಸಿದಳು. ಹುರಿದ ಬಾದಾಮಿಯ ಘಮ ಎದ್ದಿತು.

"ಲೇ, ಏನೇ ಮಾಡ್ತಿದ್ದೀಯ?" ಶಾಮಲಮ್ಮ ಮುಂದೆ ಬಂದಳು.

"ಕುಡಿಯೋರ ಗುಂಡಿಗೆ ಅವರು ಕುಡೀತಿದ್ದದ್ದನ್ನ ಹುಯ್ಯೋದು ನಮ್ಮಲ್ಲಿ ಪದ್ಧತಿ. ನೀವೇ ಅಂದಿದ್ರಲ್ಲ, ಕುಡುಕಿ ಅಂತ."

"ಪೋನೀ, ಹೋಗ್ಲಿ ಬಿಡೇ, ಹಳೇ ಮಾತು."

"ಕುಡೀತಿರ್ಲಿಲ್ಲ ಅನ್ನಿ, ಗುಂಡಿಗೆ ಹುಯ್ಯಲ್ಲ. ಊರೋರಿಗೆಲ್ಲ ಕೇಳಿಸ್ಲಿ."

ಜಾಡಿ ವಾಲಿತು. ಒಂದು ಹನಿ ಬಿತ್ತು.

"ಇಲ್ಲ, ಕುಡೀತಿರ್ಲಿಲ್ಲ! ಬಾದಾಮಿ ಹಿಂಡಿಸಿ ನೋಡ್ದೆ. ಎರಡು ಬಾಟಲಿ ಅದ್ರಲ್ಲೇ ಇತ್ತು."

"ಯಾವಾಗ ಹಿಂಡಿಸಿದ್ರಿ?"

ಶಾಮಲಮ್ಮ ತಲೆ ತಗ್ಗಿಸಿದಳು. "ಅವತ್ತೇ... ಅವಳನ್ನ ಕಳಿಸಿದ ಸಾಯಂಕಾಲ."

"ಅವತ್ತೇನಾ ತಾಯೀ?" ಎಂದ ಗಂಗುಲಪ್ಪ.

ಶಾಮಲಮ್ಮ ಜಾಡಿಗೆ ಎರಡೂ ಕೈ ಚಾಚಿದಳು.

"ಗುಂಡಿಗೆ ಹುಯ್ಯಲ್ಲ ಅಂದೆ. ಹುಯ್ಯಲ್ಲ." ಗಂಗಾಲಕ್ಷ್ಮಿ ಇತ್ತ ತಿರುಗಿ, ಚಪ್ಪಲಿ ಬಿಡದೆ ನಿಂತಿದ್ದ ಅವಳ ಕಾಲ ಬುಡಕ್ಕೆ ಜಾಡಿಯನ್ನು ಪೂರ್ತಿ ಬಗ್ಗಿಸಿದಳು. ಕೆಮ್ಮಣ್ಣು ಸದ್ದಿಲ್ಲದೆ ಹೀರಿಕೊಂಡಿತು.

ಎಲ್ಲರೂ ಮೂರು ಹಿಡಿ ಮಣ್ಣು ಹಾಕಿ ಮುಗಿಸುವಷ್ಟರಲ್ಲಿ ಇರುವೆ ಸಾಲುಗಟ್ಟಿದ್ದವು. ಶಾಮಲಮ್ಮ ಇನ್ನೂ ಖಾಲಿ ಜಾಡಿಯನ್ನೇ ನೋಡುತ್ತಿದ್ದಳು. ಇರುವೆಗಳು ಚಪ್ಪಲಿ ದಾಟಿ ಅವಳ ರೇಷ್ಮೆ ಸೀರೆಯಂಚು ಹತ್ತುತ್ತಿದ್ದವು. ಕಂಡವರು ಯಾರೂ ಹೇಳಲಿಲ್ಲ.