ಪುಕ್ಕಲ ಹಿರೇಮಗ

ನಾನು ಒಂದು ಬೂದುಗುಂಬಳಕಾಯಿ. ನನ್ನಂಥ ಪುಕ್ಕಲ ನಮ್ಮ ಬಳ್ಳಿಯಲ್ಲಿ ಇನ್ನೊಬ್ಬನಿರಲಿಲ್ಲ. ಹುಟ್ಟಿದ್ದು ಕೊಳ್ಳೇಗಾಲದ ಅಂಚಿನಲ್ಲಿ, ತರಕಾರಿ ಮಾರುವ ಸಿದ್ದಮ್ಮಣ್ಣಿಯ ಕೊಟ್ಟಿಗೆಯ ಹೆಂಚಿನ ಮೇಲೆ. ಹಳದಿ ಹೂವಿನ ಬುಡದಲ್ಲಿ ಹೆಬ್ಬೆರಳಿನಷ್ಟಿದ್ದಾಗ ಮೈತುಂಬ ಚುಚ್ಚುವ ರೋಮವಿತ್ತು. ಗಾಳಿ ಜೋರಾಗಿ ಬೀಸಿದರೆ ಉರುಳಿ ಬಿದ್ದೇನೆಂದು ತೊಟ್ಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಕಾಗೆ ಬಂದು ಪಕ್ಕದಲ್ಲಿ ಕೂತರೆ ಉಸಿರು ಬಿಡುತ್ತಿರಲಿಲ್ಲ.

ದೊಡ್ಡವನಾಗುತ್ತ ರೋಮ ಉದುರಿತು. ಮೈಮೇಲೆ ಬಿಳಿ ಬೂದಿ ಕೂತಿತು. "ಈ ಬೂದಿ ಮೈಮ್ಯಾಲೆ ಇರೋಗಂಟ ಕಾಯಿ ಕೆಡಕಿಲ್ಲ" ಎಂದು ಸಿದ್ದಮ್ಮಣ್ಣಿ ಯಾರಿಗೋ ಹೇಳಿದ್ದು ಕೇಳಿಸಿತು. ನನಗೆ ಆಗ ಬಂದ ಧೈರ್ಯ ಅಷ್ಟಿಷ್ಟಲ್ಲ. ಬೂದಿಯೇ ನನ್ನ ಅಂಗಿ, ಬೂದಿಯೇ ನನ್ನ ಕಂಬಳಿ ಎಂದುಕೊಂಡು ಮಳೆಗಾಲವೆಲ್ಲ ನೆಮ್ಮದಿಯಾಗಿ ನೀರು ಕುಡಿದು ಊದಿಕೊಂಡೆ.

ಆ ನೆಮ್ಮದಿ ನವರಾತ್ರಿಯವರೆಗೆ ಮಾತ್ರ. ಆಯುಧಪೂಜೆಯ ಬೆಳಿಗ್ಗೆ ಸಿದ್ದಮ್ಮಣ್ಣಿ ನಮ್ಮನ್ನೆಲ್ಲ ಕಿತ್ತು, ಬಸ್‌ ಸ್ಟ್ಯಾಂಡಿನ ಪಕ್ಕ ಗೋಣಿಚೀಲದ ಮೇಲೆ ಗುಡ್ಡೆ ಹಾಕಿದಳು. ಒಂದು ಕಡೆ ಚೆಂಡುಹೂವು, ಇನ್ನೊಂದು ಕಡೆ ಬಾಳೆಕಂದು. ಹಬ್ಬ ಎಂದರೆ ಚೆನ್ನಾಗಿರುತ್ತದೆ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಎದುರಿನ ಲಾರಿಯ ಮುಂದೆ ಒಬ್ಬಾತ ನಮ್ಮವನೊಬ್ಬನನ್ನು ಎತ್ತಿ ಹಿಡಿದ. ತಲೆಯಲ್ಲಿ ತೂತು ಕೊರೆದು ಕುಂಕುಮ ತುಂಬಿದ್ದರು. ಮೇಲೆ ಕರ್ಪೂರ ಉರಿಯುತ್ತಿತ್ತು. ಗಾಡಿಗೆ ನಿವಾಳಿಸಿದವನೇ ಧಡಾರ್ ಎಂದು ರಸ್ತೆಗೆ ಅಪ್ಪಳಿಸಿದ. ಕೆಂಪು ಕೆಂಪು ಹೋಳುಗಳು ಚೆಲ್ಲಾಪಿಲ್ಲಿಯಾದವು. ಅವುಗಳ ಮೇಲೆಯೇ ಲಾರಿ ಹೋಯಿತು. ಜನ ಚಪ್ಪಾಳೆ ತಟ್ಟಿದರು. ನನಗೆ ಒಳಗಿನ ಬೀಜವೆಲ್ಲ ಅದುರಿತು.

ಅಷ್ಟರಲ್ಲೇ ಒಂದು ಕೈ ನನ್ನ ಮೇಲೆ ಬಿತ್ತು. ಲಗೇಜ್ ಆಟೋ ಓಡಿಸುವ ಗುರುಮಲ್ಲು ನನ್ನನ್ನು ಆರಿಸಿ, ಸೀಟಿನ ಪಕ್ಕ ಕೂರಿಸಿಕೊಂಡು ಮನೆಗೆ ಹೊರಟ. ಪ್ರತಿ ಉಬ್ಬಿಗೂ ನಾನು ಎಗರಿ ಬೀಳುತ್ತಿದ್ದೆ. ಇಲ್ಲೇ ಉರುಳಿ ಮೋರಿಗೆ ಬಿದ್ದರೂ ಆದೀತು, ಆ ಸಾವು ಬೇಡ ಎಂದು ಬೇಡಿಕೊಂಡೆ.

ಮನೆಯ ಬಾಗಿಲಲ್ಲಿ ಅವನ ತಾಯಿ ದೇವೀರಮ್ಮ ಎಲೆ ಅಡಿಕೆ ಜಗಿಯುತ್ತ ನಿಂತಿದ್ದಳು.

"ಏನ್ಲಾ ಅದು?"

"ಗಾಡಿ ಪೂಜೆಗೆ ಕಣವ್ವ."

"ಸರಿ. ಒಡೆಯೋರ್ಯಾರು?"

"ನಾನೇ."

ದೇವೀರಮ್ಮ ಹಣೆ ಚಚ್ಚಿಕೊಂಡಳು. "ಹೆಂಡ್ತಿ ತುಂಬಿದ ಬಸ್ರಿ. ಬಸ್ರಿ ಗಂಡ ಕುಂಬ್ಳಕಾಯಿ ಒಡೀತಾನೇನ್ಲಾ? ತಲೇಲಿ ಏನ್ ಮಡಗಿಕೊಂಡಿದ್ದೀಯ?"

ಗುರುಮಲ್ಲು ನಾಲಿಗೆ ಕಚ್ಚಿಕೊಂಡ. "ಮರ್ತೇ ಬುಟ್ಟಿದ್ದೆ ಕಣವ್ವ. ನೀನೇ ಹೆಚ್ಚಿ ಹಲ್ವ ಮಾಡ್ಬುಡು ಮತ್ತೆ."

"ಹೆಂಗಸ್ರು ಇಡಿ ಕುಂಬ್ಳಕಾಯಿಗೆ ಕತ್ತಿ ಇಕ್ಕಬಾರ್ದು. ಅದು ಮನೆ ಹಿರೇಮಗ ಇದ್ದಂಗೆ. ಪಕ್ಕದ ಮನೆಯೋನ್ನ ಕರಿ, ಅವ್ನೇ ಒಡೀಲಿ."

ಈ ಮಾತು ಒಳಗಿದ್ದ ಸೊಸೆಯ ಕಿವಿಗೆ ಬಿತ್ತು. ಅವಳ ಹೆಸರು ಸುಕನ್ಯ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಧಾನವಾಗಿ ಹೊರಗೆ ಬಂದಳು. ನನ್ನಷ್ಟೇ ದುಂಡಗಿದ್ದಳು. ಅವಳ ಕಣ್ಣು ನೋಡಿದೊಡನೆ ಇವಳೂ ನನ್ನ ಜಾತಿಯವಳೇ, ಹೆದರಿ ಹೆದರಿ ಬದುಕುವವಳು ಎಂದು ನನಗೆ ಗೊತ್ತಾಯಿತು. ಹೋದ ವರ್ಷ ಅವಳ ಚೊಚ್ಚಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು.

"ಹಿರೇಮಗನ್ನ ರೋಡ್‌ನಲ್ಲಿ ಒಡೀತಾರಾ ಅತ್ತೆ?" ಎಂದು ಕೇಳಿದಳು.

ಅವಳು ಕಷ್ಟಪಟ್ಟು ಕೂತು ನನ್ನನ್ನು ಮಡಿಲಿಗೆ ಎಳೆದುಕೊಂಡಳು. "ಇವನು ಇರ್ಲಿ. ಹೆರಿಗೆ ಆಗೋವರ್ಗೂ ಇವನು ಗಟ್ಟಿಯಾಗಿದ್ರೆ ಇದೂ ಗಟ್ಟಿಯಾಗಿರ್ತದೆ" ಎಂದು ಹೊಟ್ಟೆ ಮುಟ್ಟಿಕೊಂಡಳು. ಕಣ್ಣಲ್ಲಿ ನೀರಿತ್ತು. ದೇವೀರಮ್ಮ ಗೊಣಗಿದಳು, ಗುರುಮಲ್ಲು ತಲೆ ಕೆರೆದುಕೊಂಡ. ಕೊನೆಗೆ ಆಟೋದ ಚಕ್ರಕ್ಕೆ ನಿಂಬೆಹಣ್ಣುಗಳನ್ನು ಇಟ್ಟು ಪೂಜೆ ಮುಗಿಸಿದರು.

ನಾನು ಬದುಕಿದೆ. ಆದರೆ ಹೆದರಿಕೆ ಇಮ್ಮಡಿಯಾಯಿತು. ಇಲ್ಲಿಯವರೆಗೆ ನನ್ನೊಬ್ಬನ ಪ್ರಾಣದ ಚಿಂತೆಯಿತ್ತು. ಈಗ ಕಣ್ಣು ಬಿಡದ ಒಂದು ಕೂಸಿನ ಪ್ರಾಣವನ್ನೂ ನನ್ನ ತೊಟ್ಟಿಗೆ ಕಟ್ಟಿಬಿಟ್ಟಿದ್ದಳು ಮಹಾತಾಯಿ.

ಮೂಲೆಯಲ್ಲಿ ಇಟ್ಟರೆ ಯಾರಾದರೂ ಸಾರಿಗೆ ಹೆಚ್ಚಿಬಿಡುತ್ತಾರೆ ಎಂದು ಸುಕನ್ಯಳಿಗೆ ಅನುಮಾನ. ದೃಷ್ಟಿಗೊಂಬೆ ಮಾಡಿ ಬಾಗಿಲಿಗೆ ಕಟ್ಟಿದರೆ ಯಾರೂ ಮುಟ್ಟುವುದಿಲ್ಲ ಎಂದು ಯೋಚಿಸಿದಳು. ಯೋಚನೆ ಒಳ್ಳೆಯದೇ. ಆದರೆ ಬಣ್ಣ ಅಂಟಲಿ ಎಂದು ಒದ್ದೆ ಬಟ್ಟೆ ತಂದು ನನ್ನ ಮೈಯೆಲ್ಲ ಒರೆಸಿದಳಲ್ಲ! ಬೂದಿ ಹೋಗುತ್ತಿದೆ ತಾಯೀ, ನನ್ನ ಅಂಗಿ ಹೋಗುತ್ತಿದೆ ಎಂದು ನಾನು ಒಳಗೊಳಗೇ ಕೂಗಿಕೊಂಡೆ. ಕುಂಬಳಕಾಯಿಯ ಕೂಗು ಯಾರಿಗೆ ಕೇಳುತ್ತದೆ? ಉಜ್ಜಿ ಉಜ್ಜಿ ಹಸಿರು ಬಯಲು ಮಾಡಿದಳು.

ಸುಣ್ಣದಲ್ಲಿ ಎರಡು ಕಣ್ಣು ಬರೆದಳು, ನಡುವೆ ಕಾಡಿಗೆಯ ಬೊಟ್ಟು. ಅರಿಶಿನಕ್ಕೆ ಸುಣ್ಣ ಕಲಸಿ ಕೆಂಪು ಮಾಡಿಕೊಂಡು ಉದ್ದನೆಯ ನಾಲಿಗೆ ಎಳೆದಳು. ಮುಸುಕಿನ ಜೋಳದ ಕೂದಲಿನಿಂದ ಮೀಸೆ. ಹಲ್ಲಿಗೆ ಸಿಹಿಗುಂಬಳದ ಒಣಬೀಜಗಳನ್ನು ಮೈದಾ ಅಂಟಿನಲ್ಲಿ ಅಂಟಿಸಿದಳು. ನಮ್ಮ ದಾಯಾದಿಯ ಬೀಜಗಳನ್ನು ಬಾಯಲ್ಲಿಟ್ಟುಕೊಂಡು ನಾನು ಹೇಗೆ ಸುಮ್ಮನಿದ್ದೆನೋ! ಕೈಕೆಲಸದಲ್ಲಿ ಅವಳು ಜಾಣೆ, ಅದನ್ನು ಒಪ್ಪಲೇಬೇಕು. ಹಗ್ಗದ ನೆಲುವಿನಲ್ಲಿ ನನ್ನನ್ನು ಕೂರಿಸಿ ಬಾಗಿಲಿಗೆ ತೂಗುಹಾಕಿದಾಗ ಎದುರು ಮನೆಯ ನಾಯಿ ಬೊಗಳುತ್ತ ಹಿಂದಕ್ಕೆ ಓಡಿತು. ನಾಯಿಯನ್ನು ನೋಡಿ ನಾನೂ ಓಡುತ್ತಿದ್ದೆ, ಕಾಲಿದ್ದಿದ್ದರೆ.

ದಿನಾ ಬೆಳಿಗ್ಗೆ ಸುಕನ್ಯ ರಂಗೋಲಿ ಹಾಕಿ ಎದ್ದು ನನ್ನ ಹಣೆಗೆ ಬೆರಳಿನಿಂದ ಕುಟ್ಟುತ್ತಿದ್ದಳು. ಟಣ್ ಎನ್ನುತ್ತಿತ್ತು. ಆ ಸದ್ದು ಕೇಳಿ ಅವಳ ಮುಖ ಅರಳುತ್ತಿತ್ತು. ಆಮೇಲೆ ಹೊಟ್ಟೆ ಮುಟ್ಟಿ, "ಅಣ್ಣ ಗಟ್ಟಿಯಾಗವ್ನೆ, ನೀನೂ ಗಟ್ಟಿಯಾಗಿರು" ಎಂದು ಒಳಗೆ ಹೋಗುತ್ತಿದ್ದಳು.

ಆಮೇಲೆ ದೇವೀರಮ್ಮನ ಸರದಿ. ಅವಳೂ ಕುಟ್ಟುತ್ತಿದ್ದಳು, ಬೇರೆ ಆಸೆಯಿಂದ. "ಹಲ್ವಕ್ಕೆ ಹೇಳಿ ಮಾಡಿಸ್ದಂಗದೆ. ಸುಮ್ನೆ ನೇತಾಕೊಂಡು ಕೂತವ್ರೆ" ಎನ್ನುತ್ತಿದ್ದಳು. ಹಬ್ಬದ ದಿನಗಳು ಬೇರೆ. ಬೀದಿಯ ಅಡುಗೆಮನೆಗಳಿಂದ ಮಜ್ಜಿಗೆ ಹುಳಿಯ ಒಗ್ಗರಣೆ, ತುಪ್ಪದಲ್ಲಿ ಹಲ್ವ ಮಗುಚುವ ಘಮ. ಎಲ್ಲರ ಬಾಯಲ್ಲೂ ನೀರು. ನನಗೆ ಮಾತ್ರ ಅದು ನಮ್ಮವರ ಮನೆಯ ಸೂತಕದ ವಾಸನೆ. ಆ ಮನೆಯಲ್ಲಿ ನಾನು ಕತ್ತಿಗಿಂತ ಹೆಚ್ಚು ಹೆದರುತ್ತಿದ್ದುದು ಈ ಮುದುಕಿಗೇ.

ಬೂದಿಯಿಲ್ಲದ ಮೈಗೆ ಮಧ್ಯಾಹ್ನದ ಬಿಸಿಲು ನೇರವಾಗಿ ತಾಗುತ್ತಿತ್ತು. ಒಂದು ದಿನ ನನ್ನ ಹಿಂಬದಿಯಲ್ಲಿ ಒಂದು ಕಡೆ ಮೆತ್ತಗಾಯಿತು. ಮೊದಲು ಕಾಸಗಲ, ಆಮೇಲೆ ಅಂಗೈಯಗಲ. ಹೊರಗಿನಿಂದ ಬರುವ ಸಾವಿಗೆ ಹೆದರುತ್ತಿದ್ದವನು ಈಗ ನನಗೆ ನಾನೇ ಹೆದರತೊಡಗಿದೆ. ಸುಕನ್ಯ ಹಣೆಗೇ ಕುಟ್ಟುತ್ತಿದ್ದಳು, ಹಣೆ ಇನ್ನೂ ಟಣ್ ಎನ್ನುತ್ತಿತ್ತು. ಹಿಂದೆ ಕುಟ್ಟಿಬಿಟ್ಟರೆ? ಇವಳು ಇಲ್ಲೇ ಹೊಸ್ತಿಲ ಮೇಲೆ ಕುಸಿದರೆ? ಗಾಳಿಗೆ ನೆಲುವು ತಿರುಗಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ. ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹಾಗಲಬಳ್ಳಿ ಸುತ್ತಿದ್ದರು. ಸುಕನ್ಯ ಬಾಗಿಲಿಗೆ ಹಣತೆ ಇಡಲು ಬಗ್ಗಿದವಳು "ಅತ್ತೇ" ಎಂದು ಕೂಗಿ ಚೌಕಟ್ಟು ಹಿಡಿದುಕೊಂಡಳು. ನೋವು ಶುರುವಾಗಿತ್ತು. ಆಸ್ಪತ್ರೆಗೆ ಹೊರಡಲು ಗುರುಮಲ್ಲು ಆಟೋದ ಹಿಂದೆ ಹಾಸಿಗೆ ಹಾಸಿದ. ಹಬ್ಬಕ್ಕೆಂದು ಬಂದಿದ್ದ ಅವನ ಅಕ್ಕ ಜೊತೆಗೆ ಹತ್ತಿದಳು. ಬಿಸಿನೀರು, ಹಳೇ ಬಟ್ಟೆ ಎಲ್ಲ ಅಣಿ ಮಾಡಿಕೊಂಡು ಬರುತ್ತೇನೆಂದು ದೇವೀರಮ್ಮ ಮನೆಯಲ್ಲಿ ಉಳಿದಳು. ಹೊರಡುವ ಮುಂಚೆ ಸುಕನ್ಯ ಬೆವರುತ್ತ ನನ್ನತ್ತ ನೋಡಿ, "ಗಟ್ಟಿಯಾಗಿರು ಕಣಪ್ಪ" ಎಂದಳು.

ಆಟೋ ತಿರುವು ದಾಟಿತು. ಅಷ್ಟರವರೆಗೆ ಹೇಗೋ ತಡೆದುಕೊಂಡಿದ್ದೆ. ಆಮೇಲೆ ಆಗಲಿಲ್ಲ. ಹಿಂದಿನ ಸಿಪ್ಪೆ ಬಿರಿದು, ತೊಟ್ ತೊಟ್ ಎಂದು ನೀರು ರಂಗೋಲಿಯ ಮೇಲೆ ಬಿತ್ತು.

ದೇವೀರಮ್ಮ ಅದನ್ನು ನೋಡಿದಳು. ತಲೆ ಎತ್ತಿ ನನ್ನನ್ನು ನೋಡಿದಳು. ಸ್ಟೂಲ್ ಹತ್ತಿ ನೆಲುವಿನಿಂದ ಇಳಿಸಿದಳು. ತಿಪ್ಪೆಗೇ ಹೋದೆ ಎಂದುಕೊಂಡೆ. ಬೀದಿಯ ಆ ತುದಿಯಲ್ಲಿ ಪಟಾಕಿ ಸಿಡಿಯತೊಡಗಿತು. ಅವಳು ಜಗಲಿಯ ಮೇಲೆ ಕಾಲು ಚಾಚಿ ಕೂತು ನನ್ನನ್ನು ತೊಡೆಯ ಮೇಲೆ ಬೋರಲು ಮಲಗಿಸಿದಳು. ನಾನು ಕತ್ತಿಗಾಗಿ ಕಾದೆ.

ಕತ್ತಿ ಬರಲಿಲ್ಲ. "ಉಗುರು ಕತ್ತಿ ಅಲ್ಲ ಕಣಪ್ಪ. ಉಗುರಿಗೆ ದೋಸ ಇಲ್ಲ" ಎಂದು ಹೇಳುತ್ತ, ಹೆಬ್ಬೆರಳ ಉಗುರಿನಿಂದ ಕೊಳೆತದ್ದನ್ನು ಸ್ವಲ್ಪ ಸ್ವಲ್ಪವೇ ಕೆರೆದು ತೆಗೆದಳು. ಸೊಂಟದ ಚೀಲದಿಂದ ಎಲೆ ಅಡಿಕೆಯ ಸುಣ್ಣದ ಡಬ್ಬಿ ತೆಗೆದು, ಇದ್ದಷ್ಟೂ ಸುಣ್ಣವನ್ನು ಗಾಯಕ್ಕೆ ಮೆತ್ತಿದಳು. ಉರಿಯಿತು. ಆಮೇಲೆ ಹಂಡೆಯ ಒಲೆಯಿಂದ ಆರಿದ ಬೂದಿ ತಂದು, ಮುಖವೊಂದನ್ನು ಬಿಟ್ಟು, ಮೈಗೆಲ್ಲ ಬಳಿದಳು.

"ನಂಗೂ ಬಯ ಕಣಪ್ಪ" ಎಂದಳು. "ಹೋದ ಸಲ ನಾನೇ ಕೈಯಾರ ಬಟ್ಟೇಲಿ ಸುತ್ತಿ ಕೊಟ್ಟೆ. ಇನ್ನೊಂದು ಸಲ ನನ್ನ ಕೈಲಾಗಕಿಲ್ಲ."

ಅಷ್ಟು ದಿನ ಹಲ್ವ ಹಲ್ವ ಎಂದು ಕುಟ್ಟುತ್ತಿದ್ದವಳು ನಾನು ಗಟ್ಟಿಯಿದ್ದೇನೆಯೇ ಎಂದೇ ಕೇಳಿಸಿಕೊಳ್ಳುತ್ತಿದ್ದಳೆಂದು ಆಗ ಅರ್ಥವಾಯಿತು.

ಫೋನ್ ಬಡಿದುಕೊಂಡಿತು. ಗುರುಮಲ್ಲುವಿನ ದನಿ. "ಅವ್ವ, ನೋವು ಜಾಸ್ತಿಯಾಗದೆ. ಅವ್ಳು ಒಂದೇ ಸಮ ಕೇಳ್ತಾವ್ಳೆ, ಹಿರೇಮಗ ಹೆಂಗವ್ನೆ ಅಂತ."

ದೇವೀರಮ್ಮ ತೊಡೆಯ ಮೇಲಿದ್ದ ನನ್ನನ್ನು ನೋಡಿದಳು. "ಕಲ್ಲಿದ್ದಂಗವ್ನೆ ಅನ್ನು" ಎಂದಳು. ಫೋನ್ ಇಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನನ್ನು ಮತ್ತೆ ನೆಲುವಿಗೆ ಏರಿಸಿ ಗಾಯವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಬಟ್ಟೆಯ ಗಂಟು ಹೊತ್ತು ಆಸ್ಪತ್ರೆಗೆ ನಡೆದಳು.

ನಾನೊಬ್ಬನೇ ಉಳಿದೆ. ಸುತ್ತ ಪಟಾಕಿ. ಪ್ರತಿ ಸದ್ದಿಗೂ ಬಿರಿಯುತ್ತೇನೆಂದು ಅನಿಸುತ್ತಿತ್ತು. ಆದರೂ ಮುದುಕಿ ಹೇಳಿದ ಸುಳ್ಳನ್ನು ನಿಜ ಮಾಡಬೇಕಿತ್ತು. ಕಲ್ಲಿದ್ದ ಹಾಗೆ ಇರಬೇಕು, ಕಲ್ಲಿದ್ದ ಹಾಗೆ ಇರಬೇಕು ಎಂದು ಹೇಳಿಕೊಳ್ಳುತ್ತ ಇದ್ದ ನೀರನ್ನೆಲ್ಲ ಬಿಗಿಹಿಡಿದು ತೂಗಾಡಿದೆ.

ಹೆಣ್ಣು ಕೂಸು ಹುಟ್ಟಿತು. ಕೆಲವು ದಿನಗಳಾದ ಮೇಲೆ ಸುಕನ್ಯ ಕಿವಿಗೆ ಹತ್ತಿ ಇಟ್ಟುಕೊಂಡು, ಕೂಸನ್ನು ಎದೆಗವಚಿಕೊಂಡು ಆಟೋದಿಂದ ಇಳಿದಳು. ಆರತಿ ಮುಗಿದೊಡನೆ ಕೈ ಎತ್ತಿ ನನ್ನ ಹಣೆಗೆ ಕುಟ್ಟಿದಳು. ದಬ್ ಎಂದಿತು. ಅವಳ ಮುಖ ಬಿಳಿಚಿಕೊಂಡಿತು. ನೆಲುವನ್ನು ತಿರುಗಿಸಿ ನೋಡಿದಳು. ಅಂಗೈಗಿಂತ ದೊಡ್ಡ ಸುಣ್ಣದ ಪಟ್ಟಿ, ಸುತ್ತ ಒಲೆಯ ಬೂದಿ. ಸುಕನ್ಯ ಅದನ್ನೇ ನೋಡುತ್ತ ನಿಂತಳು. ಆಮೇಲೆ ಅತ್ತೆಯ ಹೆಬ್ಬೆರಳನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಇತ್ತು.

"ಅತ್ತೆ..."

"ನನ್ನ ಸುಣ್ಣವೆಲ್ಲ ಕಾಲಿ ಮಾಡ್ದ ನಿನ್ ಮಗ" ಎಂದು ದೇವೀರಮ್ಮ ಮುಖ ತಿರುಗಿಸಿಕೊಂಡಳು. ಸುಕನ್ಯ ಕೂಸನ್ನು ಅವಳ ಕೈಗೆ ಕೊಟ್ಟು ಅಲ್ಲೇ ಬಾಗಿಲಲ್ಲಿ ಅತ್ತಳು.

ಇನ್ನು ತಡ ಮಾಡಿದರೆ ಪೂರ್ತಿ ಕೊಳೆಯುತ್ತಿದ್ದೆ. ಈಗ ಗುರುಮಲ್ಲುವಿಗೆ ಕಟ್ಟುಪಾಡು ಮುಗಿದಿತ್ತು. ಅವನು ಕತ್ತಿ ತಂದ. ನನ್ನ ಹೆದರಿಕೆ ಹೋಗಿತ್ತೆಂದು ಹೇಳಿದರೆ ಸುಳ್ಳಾದೀತು. ಕತ್ತಿ ತಾಗುವ ಮುಂಚೆಯೇ ಪ್ರಜ್ಞೆ ತಪ್ಪಿತ್ತು. ಸುಕನ್ಯ ನೋಡಲಾರದೆ ಒಳಗೆ ಕೂತಳಂತೆ. ಚೆನ್ನಾಗಿದ್ದ ಅರ್ಧ ತುಪ್ಪ ಸಕ್ಕರೆ ಕೇಸರಿ ಸೇರಿ ಹಲ್ವವಾಗಿ ಬೀದಿಗೆಲ್ಲ ಹಂಚಿಹೋಯಿತು. ಇಷ್ಟು ದಿನ ಜಪಿಸಿದ ದೇವೀರಮ್ಮ ಒಂದು ಚಮಚವೂ ಬಾಯಿಗಿಡಲಿಲ್ಲ. ಕೆಟ್ಟ ಅರ್ಧವನ್ನು ಹಿತ್ತಲಲ್ಲಿ ಕರಿಬೇವಿನ ಬುಡಕ್ಕೆ ಹೂತರು.

ನನ್ನ ಬೀಜಗಳನ್ನು ತೊಳೆದು, ಬೂದಿ ಸವರಿ ಒಣಗಿಸಿದರು. ಕಳೆದುಕೊಂಡ ಅಂಗಿ ಹಾಗೆ ಮರಳಿ ಸಿಕ್ಕಿತು. ಮಳೆಗಾಲಕ್ಕೆಂದು ಮಡಕೆಯಲ್ಲಿ ಒಂದಿಷ್ಟು ಇಟ್ಟಿದ್ದಾರೆ. ಇನ್ನೊಂದು ಹಿಡಿಯನ್ನು ದೇವೀರಮ್ಮ ಖಾಲಿಯಾದ ಸುಣ್ಣದ ಡಬ್ಬಿಯನ್ನು ತಿಕ್ಕಿ ತೊಳೆದು ಅದರೊಳಗೆ ಹಾಕಿ, ಮುಚ್ಚಳದ ಮೇಲೆ ಬಟ್ಟೆ ಹೊಲಿದು, ಕೆಂಪು ದಾರದಲ್ಲಿ ತೊಟ್ಟಿಲಿಗೆ ಕಟ್ಟಿದ್ದಾಳೆ.

ಈ ಕತ್ತಲೆಯ ಡಬ್ಬಿಯೊಳಗೂ ನನಗೆ ಭಯವೇ. ಬಾಗಿಲು ಬಡಿದರೆ ಭಯ, ಬೆಕ್ಕು ಹಾರಿದರೆ ಭಯ, ಬರುವ ಮಳೆಗೆ ಮತ್ತೆ ಹೆಂಚಿನ ಮೇಲೆ ಹುಟ್ಟಬೇಕಲ್ಲ ಎಂಬ ಭಯ. ಆದರೆ ಕೂಸು ಬೆಚ್ಚಿಬಿದ್ದು ಅತ್ತಾಗ ಅಜ್ಜಿ ಬಂದು, "ಅಳಬ್ಯಾಡ ಕೂಸೇ, ನಿಮ್ಮಣ್ಣ ಅವ್ನೆ" ಎಂದು ಡಬ್ಬಿಗೆ ಬೆರಳು ತಾಗಿಸುತ್ತಾಳೆ. ನಾನು ಗಲಗಲ ನಡುಗುತ್ತೇನೆ. ಕೂಸು ಈಗೀಗ ನಗಲು ಕಲಿತಿದೆ. ನಾನು ನಡುಗಿದಷ್ಟೂ ನಗುತ್ತದೆ.