ಗೋಡೆಯ ಮೇಲಿನ ಖಾಲಿ ಪುಸ್ತಕ

ಅಳವಂಡಿ ಹತ್ತಿರದ ಹಳ್ಳಿಯೊಂದರ ಗ್ರಂಥಾಲಯದ ಗೋಡೆಗೆ ಡ್ರಾಯಿಂಗ್ ಟೀಚರ್ ಸುಮಂಗಲಾ ಪುಸ್ತಕ ಓದುತ್ತ ಕೂತ ಹೆಂಗಸಿನ ಚಿತ್ರ ಬಿಡಿಸಿದಳು. ಪುಸ್ತಕದ ಹಾಳೆಗಳನ್ನು ಖಾಲಿ ಬಿಟ್ಟಿದ್ದಳು.

ಮರುದಿನ ಪೇಪರ್ ಓದಲು ಬಂದ ನಿವೃತ್ತ ಗುಮಾಸ್ತ ದೇವೇಂದ್ರಪ್ಪ ಚಿತ್ರದ ಮುಂದೆ ಬಹಳ ಹೊತ್ತು ನಿಂತ. ಸುಮಂಗಲಾ ಅಲ್ಲೇ ಇದ್ದಳು.

"ಈಕಿ ಏನ್ ಓದಾಕತ್ತಾಳ್ರಿ ಟೀಚರ್?"

"ಯಾವುದೋ ಪುಸ್ತಕ್ರಿ ಸರ್."

"ಯಾವುದೋ ಅಂದ್ರ? ಯಾರ ಧರ್ಮದ್ದು? ಹೆಸರು ಬರೀರಿ. ಇಲ್ಲಾಂದ್ರ ಮಂದಿ ಏನರ ತಿಳ್ಕೊಂತಾರ."

"ನೀವ ಹೇಳ್ರಿ, ಯಾವ ಹೆಸರು ಬರೀಲಿ?"

ದೇವೇಂದ್ರಪ್ಪ ಬಾಯಿ ತೆರೆದವನು, ಸುತ್ತ ಕೂತವರನ್ನು ನೋಡಿ ಪೇಪರ್ ಬಿಡಿಸಿ ಮುಖಕ್ಕೆ ಹಿಡಿದ. ಯಾವ ಹೆಸರು ಹೇಳಿದರೂ ಯಾರಾದರೊಬ್ಬರು ತನ್ನ ಮೇಲೆಯೇ ಸಂಶಯಪಡುತ್ತಾರೆ ಎಂದು ಅವನಿಗೆ ಅನ್ನಿಸಿತು.

ವಾರವಿಡೀ ಅದೇ ಮಾತು. ಚಹಾದಂಗಡಿಯಲ್ಲಿ ಒಬ್ಬ ಅದು ಪ್ರೇಮಪತ್ರ ಅಂದ. ಇನ್ನೊಬ್ಬ ಚಿತ್ರದ ಫೋಟೊ ತೆಗೆದು, ಇದರ ಹಿಂದೆ ಯಾರಿದ್ದಾರೆ ಎಂದು ಕೇಳಿ ವಾಟ್ಸಾಪ್ ಗುಂಪಿಗೆ ಹಾಕಿದ. ಸುಮಂಗಲಾಗೆ ಭಯವಾಯಿತು. ಶನಿವಾರ ಬಂದು, ಪುಸ್ತಕ ಮುಚ್ಚಿದ ಹಾಗೆ ಚಿತ್ರ ತಿದ್ದಿದಳು.

ಅಲ್ಲೇ ಕಸ ಗುಡಿಸುತ್ತಿದ್ದ ಕನಕವ್ವ ನಿಂತು ನೋಡಿದಳು. "ಓದೂದು ಮುಗೀತೇನ್ರಿ ಆಕಿದು?"

ಸುಮಂಗಲಾ ಬ್ರಶ್ ತೊಳೆಯುತ್ತ ಹೇಳಿದಳು: "ಇಲ್ಲಬೇ ಕನಕವ್ವ. ನಾನ ಅಂಜಿ ಮುಚ್ಚೀನಿ."