ತುಟಿಗೆ ಕೂತ ಮಾತು

ಸಿನಿಮಾದ ಕಥೆ ಇಷ್ಟು: ಹರಿದ ಪುಸ್ತಕವೊಂದರಿಂದ ಪಾತ್ರಗಳೆಲ್ಲ ಜೀವ ತಳೆದು ಬೀದಿಗಿಳಿಯುತ್ತವೆ, ಒಂದು ದಿನದ ಮಟ್ಟಿಗೆ ತಮಗೆ ಬೇಕಾದ ಹಾಗೆ ಬದುಕುತ್ತವೆ. ನರಿ ಮೋಸ ಬಿಡುತ್ತದೆ. ರಾಕ್ಷಸನಿಗೂ ಬುದ್ಧಿ ಬಂದು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ. ಮಲತಾಯಿ ಮಾತ್ರ ಮಗಳ ಕೈ ಕೊಡವಿ ಪುಸ್ತಕದೊಳಕ್ಕೆ ವಾಪಸು ಹೋಗುತ್ತಾಳೆ. ಹೋಗುವಾಗ ಒಂದು ಮಾತು: "ಮಲತಾಯಿ ನಾನು. ಪ್ರೀತಿ ನನಗೆಲ್ಲಿಂದ ಬರುತ್ತೆ ಹೇಳು?"

ಚಿತ್ರೀಕರಣ ಮುಗಿದಿತ್ತು. ಪರದೆಯ ಮೇಲೆ ನಟಿಯ ತುಟಿ ಆಡುತ್ತಿತ್ತು. ದನಿ ಕೊಡಬೇಕಾದವಳು, ಎಲ್ಲರೂ ಕಂಠದಮ್ಮ ಎಂದೇ ಕರೆಯುವ ಹೆಂಗಸು. ಇಪ್ಪತ್ತು ವರ್ಷದಿಂದ ಕಂಡವರ ತುಟಿಗೆ ತನ್ನ ಗಂಟಲು ಕೊಟ್ಟವಳು. ಇವತ್ತು ಆ ಗಂಟಲೇ ಹಟ ಹಿಡಿದಿತ್ತು.

ಗಾಜಿನಾಚೆ, ನಿರ್ದೇಶಕನ ಪಕ್ಕದಲ್ಲಿ ಧ್ವನಿಮುದ್ರಣಕ್ಕೆ ಕೂತಿದ್ದವಳು ಅವಳ ಮಗಳು. ಕೆಲಸಕ್ಕೆ ಸೇರಿ ಒಂಬತ್ತು ದಿನ. ಇಲ್ಲಿ ಅಮ್ಮನನ್ನು 'ಮೇಡಂ' ಎನ್ನುತ್ತಿದ್ದಳು. ಹೆತ್ತ ಮಗಳಲ್ಲ, ಎರಡು ವರ್ಷದ ಕೂಸಾಗಿ ಮಡಿಲಿಗೆ ಬಂದವಳು. ಆಗ ಮನೆಗೆ ಬಂದ ನೆಂಟರೆಲ್ಲ ಕೂಸಿನ ತೋಳೆತ್ತಿ ಬರೆ ಹುಡುಕುತ್ತಿದ್ದರು. ಅವರ ಕೈ ಸೇದಿಹೋಗ! ಅದಕ್ಕೇ ಕಥೆ ಓದುವಾಗ 'ಮಲತಾಯಿ' ಬಂದಲ್ಲೆಲ್ಲ ಕಂಠದಮ್ಮ 'ಪಕ್ಕದ ಮನೆಯಾಕೆ' ಎಂದು ಓದಿಬಿಡುತ್ತಿದ್ದಳು. ಮಗು ನಿಜವಾದ ಪಕ್ಕದ ಮನೆಯಾಕೆಯ ಜೊತೆ ಮಾತೇ ಬಿಟ್ಟಿತು. ಪಾಪ, ಕಾರಣ ಆಕೆಗೆ ಇಂದಿಗೂ ತಿಳಿಯದು.

"ಈ ಮಾತು ನಾನು ಹೇಳಲ್ಲ ಸ್ವಾಮಿ," ಎಂದಳು ಕಂಠದಮ್ಮ. "ರಾಕ್ಷಸನಿಗೆ ಬಂದ ಬುದ್ಧಿ ಇವಳಿಗೆ ಬರಬಾರದಾ?"

ನಿರ್ದೇಶಕ ನಕ್ಕ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು."

"ನೋಡ್ಕೊಂಡೆ. ನಾನೂ ಮಲತಾಯಿನೇ. ಹೆಗಲ ಮೇಲೆ ಹೊತ್ತಿದ್ದು ಮಗಳನ್ನ, ಕುಂಬಳಕಾಯಿ ಅಲ್ಲ."

ಅವನ ನಗು ನಿಂತಿತು. "ಆ ತುಟಿಗೆ ಬೇರೆ ಮಾತು ಕೂರಲ್ಲಮ್ಮ. ಹೇಳಿದ್ರೆ ಹೇಳಿ, ಇಲ್ಲಾಂದ್ರೆ ನಾಳೆ ಬೇರೆಯವರನ್ನ ಕರೀತೀನಿ."

ಕಂಠದಮ್ಮ ಪರದೆ ನೋಡಿದಳು. ತುಟಿ ಮುಚ್ಚುವುದು ಮೂರೇ ಕಡೆ: ಮಕಾರಕ್ಕೆ, ಪಕಾರಕ್ಕೆ, ಬಕಾರಕ್ಕೆ. ಅವಿಷ್ಟು ತಮ್ಮ ಜಾಗದಲ್ಲಿದ್ದರೆ ನಡುವೆ ಏನು ಹೇಳಿದರೂ ನೋಡುವವರಿಗೆ ಗೊತ್ತಾಗದು.

"ಸರಿ, ಹಾಕಿ," ಎಂದಳು.

ಕೆಂಪು ದೀಪ ಹತ್ತಿತು. ಪರದೆಯಲ್ಲಿ ಮಲತಾಯಿ ತಿರುಗಿ ನಿಂತಳು.

"ಮಲತಾಯಿ ನಾನು. ಪ್ರೀತಿ ನನಗಿಲ್ಲಾಂತ ಬರೆದೋನ್ಯಾರು?"

ತುಟಿಯಿಂದ ಒಂದಕ್ಷರ ಆಚೀಚೆ ಆಗಲಿಲ್ಲ. ಪುಸ್ತಕದೊಳಕ್ಕೆ ಕಾಲಿಟ್ಟವಳು ಈಗ ಮಗಳನ್ನು ಬಿಟ್ಟು ಹೋಗುವವಳಲ್ಲ, ಬರೆದವನ ಕೊರಳಪಟ್ಟಿ ಹಿಡಿಯಲು ಹೊರಟವಳು.

ನಿರ್ದೇಶಕನ ಮುಖ ಕೆಂಪಾಯಿತು. "ಅಳಿಸು ಅದನ್ನ," ಎಂದ ಹುಡುಗಿಗೆ.

ಹುಡುಗಿ ಗುಂಡಿ ಒತ್ತಿದಳು. ಅಳಿಸಿಯೇಬಿಟ್ಟಳು ಎಂದುಕೊಂಡಳು ಕಂಠದಮ್ಮ. ಒಂಬತ್ತು ದಿನದ ಕೆಲಸ. ಮಗಳು ಮಾಡಿದ್ದು ತಪ್ಪೆಂದು ಅವಳೂ ಹೇಳಲಾರಳು.

"ಉಳಿಸಿದೀನಿ ಸರ್," ಎಂದಳು ಹುಡುಗಿ. ಆಮೇಲೆ ಮೈಕಿನ ಕಡೆ ಬಗ್ಗಿ, "ಚೆನ್ನಾಗಿ ಬಂತು, ಅಮ್ಮ. ಮುಂದಿನ ಮಾತು ಹೇಳು."